ಗಡಿಯ ಎರಡು ಬದಿ, ಒಂದೇ ಕಾನೂನು



ಗರ್ಭಪಾತದ ವಿಷಯದಲ್ಲಿ ಅರ್ಥಶಾಸ್ತ್ರದವರಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ಕೇಳಬೇಕಾದ ಪ್ರಶ್ನೆಯೇ. ಸರಿ ತಪ್ಪಿನ ತೀರ್ಪು ಕೊಡಲು ನಾವು ಈ ಸಂಕಿರಣದಲ್ಲಿ ಸೇರಿಲ್ಲ. ಬೇಕಾದ ಹೊತ್ತಿಗೆ ಈ ಸೌಲಭ್ಯ ಸಿಕ್ಕ ಹೆಂಗಸಿನ ಓದು, ಸಂಬಳ, ಸಾಲ, ಆಗಲೇ ಇರುವ ಮಕ್ಕಳ ಗತಿ ಏನಾಗುತ್ತದೆ, ಸಿಗದೇ ಹೋದವಳದು ಏನಾಗುತ್ತದೆ ಎಂದು ಅಳೆದು ಹೇಳುವುದು ನಮ್ಮ ಪಾಲಿನ ಕೆಲಸ. ಕಷ್ಟವಿರುವುದು ಹೋಲಿಕೆಯಲ್ಲಿ. ಗರ್ಭ ತೆಗೆಸಿಕೊಂಡವರನ್ನೂ ಹೆತ್ತವರನ್ನೂ ಸುಮ್ಮನೆ ಅಕ್ಕಪಕ್ಕ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ಅವರ ಮನೆ, ಓದು, ಹಣಕಾಸು ಮೊದಲಿನಿಂದಲೇ ಬೇರೆ ಬೇರೆ.

ಈ ಕಷ್ಟವನ್ನು ತೋರಿಸುವ ರುಮೇನಿಯಾದ ಕಥೆಯನ್ನು ವಿದ್ಯಾರ್ಥಿಗಳು ಮರೆಯಬಾರದು. 1966ರ ಅಕ್ಟೋಬರಿನಲ್ಲಿ ಚೌಷೆಸ್ಕು ಸರ್ಕಾರ ಒಂದೇ ಆದೇಶದಿಂದ ಗರ್ಭಪಾತವನ್ನು ಬಹುತೇಕ ನಿಷೇಧಿಸಿತು. ಮರುವರ್ಷ ಜನನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆ ಮಕ್ಕಳು ದೊಡ್ಡವರಾದ ಮೇಲೆ ಪಾಪ್-ಎಲೆಕೆಸ್ ಎಂಬ ಅರ್ಥಶಾಸ್ತ್ರಜ್ಞರು ಅವರ ಓದು, ಉದ್ಯೋಗಗಳ ಲೆಕ್ಕ ತೆಗೆದು 2006ರಲ್ಲಿ ಪ್ರಕಟಿಸಿದರು. ಮೇಲ್ನೋಟಕ್ಕೆ ನಿಷೇಧದ ನಂತರ ಹುಟ್ಟಿದವರೇ ಮುಂದಿದ್ದರು! ಕಾರಣವಿಷ್ಟೆ: ನಿಷೇಧಕ್ಕೆ ಮೊದಲು ಗರ್ಭಪಾತದ ಸೌಲಭ್ಯವನ್ನು ಹೆಚ್ಚು ಬಳಸುತ್ತಿದ್ದವರು ಪಟ್ಟಣದ, ಓದಿದ ಹೆಂಗಸರು. ಬಾಗಿಲು ಮುಚ್ಚಿದಾಗ ಅಂಥ ಮನೆಗಳಲ್ಲಿ ಹುಟ್ಟಿದ ಮಕ್ಕಳ ಪಾಲು ಹೆಚ್ಚಿತು. ಮನೆಯ ಹಿನ್ನೆಲೆಯನ್ನು ಗಣನೆಗೆ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿದಾಗ ಉತ್ತರ ತಿರುಗಿಬಿತ್ತು. ಒಂದೇ ಬಗೆಯ ಮನೆಯಲ್ಲಿ ಹುಟ್ಟಿದವರನ್ನು ಹೋಲಿಸಿದರೆ ನಿಷೇಧದ ನಂತರದವರು ಓದಿನಲ್ಲೂ ಕೆಲಸದಲ್ಲೂ ಹಿಂದೆ ಬಿದ್ದಿದ್ದರು. ಇತ್ತ ಗುಟ್ಟಾಗಿ ತೆಗೆಸಿಕೊಳ್ಳಲು ಹೋಗಿ ಪ್ರಾಣ ಬಿಟ್ಟ ತಾಯಂದಿರ ಸಂಖ್ಯೆ ಏರುತ್ತಾ ಹೋಯಿತು. 1989ರ ಕೊನೆಯಲ್ಲಿ ಸರ್ಕಾರ ಉರುಳಿದ ಮೇಲೆಯೇ ನಿಷೇಧ ಹೋದದ್ದು.

ಅಮೆರಿಕದ ಚರ್ಚೆಯಲ್ಲಿ ಹೆಚ್ಚು ಸದ್ದು ಮಾಡಿದ್ದು ಡೊನಹ್ಯೂ ಮತ್ತು ಲೆವಿಟ್ ಅವರ 2001ರ ಪ್ರಬಂಧ. ಎಪ್ಪತ್ತರ ದಶಕದಲ್ಲಿ ಗರ್ಭಪಾತ ಕಾನೂನುಬದ್ಧವಾದದ್ದರಿಂದಲೇ ತೊಂಬತ್ತರ ದಶಕದಲ್ಲಿ ಅಪರಾಧ ಇಳಿಯಿತು ಎಂಬುದು ಅವರ ವಾದ. ಅವರ ಗಣನೆಯಲ್ಲಿ ಒಂದು ದೋಷವಿದೆ ಎಂದು ಫೂಟ್ ಮತ್ತು ಗೋಟ್ಜ್ ತೋರಿಸಿಕೊಟ್ಟರು. ವಾದ ಇನ್ನೂ ನಡೆದಿದೆ. ಆ ಪ್ರಶ್ನೆಯಲ್ಲಿ ಹೆಂಗಸು ಎಲ್ಲೂ ಕಾಣುವುದಿಲ್ಲ ಎಂಬುದೇ ನನ್ನ ತಕರಾರು. ಅವಳನ್ನು ಕಂಡ ಅಧ್ಯಯನ ಮಿಲ್ಲರ್, ವೆರಿ, ಫಾಸ್ಟರ್ ಅವರದು. ಕ್ಲಿನಿಕ್ಕು ಗರ್ಭಪಾತಕ್ಕೆ ಇಟ್ಟ ವಾರಗಳ ಮಿತಿಗೆ ಸ್ವಲ್ಪ ಮುಂಚೆ ಬಂದವರನ್ನೂ, ಸ್ವಲ್ಪ ತಡವಾಗಿ ಬಂದು ವಾಪಸು ಹೋದವರನ್ನೂ ಅವರು ಹೋಲಿಸಿದರು. ಎರಡು ಗುಂಪುಗಳ ನಡುವೆ ಇದ್ದದ್ದು ಕೆಲವೇ ವಾರಗಳ ಅಂತರ. ಆದರೂ ವಾಪಸು ಹೋದವರ ಬಾಕಿ ಬಿದ್ದ ಸಾಲ ಮೊದಲಿದ್ದುದಕ್ಕಿಂತ ಶೇ. 78ರಷ್ಟು ಏರಿತು; ಆ ಹೊರೆ ವರ್ಷಗಟ್ಟಲೆ ಇಳಿಯಲಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ನಮ್ಮಲ್ಲಿ ವೈದ್ಯಕೀಯ ಗರ್ಭಪಾತದ ಕಾಯ್ದೆ ಬಂದದ್ದು 1971ರಲ್ಲಿ, ಅಮೆರಿಕದಲ್ಲಿ ಗರ್ಭಪಾತವನ್ನು ಕಾನೂನುಬದ್ಧಗೊಳಿಸಿದ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿಗಿಂತ ಮೊದಲೇ. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಅವಕಾಶ ಕೊಟ್ಟಿತು. ಮದುವೆಯಾಗದವರನ್ನು ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲೆ ದೇಶಕ್ಕೆಲ್ಲ ಒಂದೇ ಕಾನೂನು. ಹಾಗಾಗಿ ಈ ರಾಜ್ಯದಲ್ಲಿ ಉಂಟು, ಆ ರಾಜ್ಯದಲ್ಲಿ ಇಲ್ಲ ಎಂಬ ಅಮೆರಿಕದ ಅಳತೆಗೋಲು ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಹೆಂಗಸರನ್ನು ಬೇರೆ ಮಾಡುವುದು ಬಸ್ಸು, ಔಷಧಿ ಅಂಗಡಿ, ರಜೆ ಮತ್ತು ಭಯ. ಈ ಸಂಕಿರಣ ಅಳೆಯಬೇಕಾದದ್ದು ಇವುಗಳನ್ನೇ ಎಂಬುದು ನನ್ನ ಆಶಯ.

ಅಂಕಿಯೊಂದನ್ನು ನೋಡಿ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜು. ತಮಿಳುನಾಡೂ ಸೇರಿ ಆರು ರಾಜ್ಯಗಳಲ್ಲಿ ಆಸ್ಪತ್ರೆಗಳ ಸಮೀಕ್ಷೆ ಮಾಡಿ, ದೇಶದಲ್ಲಿ ಮಾರಾಟವಾದ ಮಾತ್ರೆಗಳ ಲೆಕ್ಕವನ್ನೂ ಸೇರಿಸಿ ಅದನ್ನು ಕಟ್ಟಿದರು. ಅದರಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಸರ್ಕಾರಿ ದಾಖಲೆಗೆ ಇವು ಸಿಗುವುದೇ ಇಲ್ಲ.

ಆ ಮಾತ್ರೆಯ ಕಿಟ್ಟಿನಲ್ಲಿ ಇರುವುದು ಐದು ಗುಳಿಗೆ. ಮೊದಲು ಒಂದು, ಒಂದೂವರೆ ಎರಡು ದಿನ ಬಿಟ್ಟು ಉಳಿದ ನಾಲ್ಕು. ಆಮೇಲೆ ಹೊಟ್ಟೆನೋವು, ರಕ್ತಸ್ರಾವ. ತಮಿಳುನಾಡಿನ ಗಡಿ ಊರಾದ ಹೊಸೂರಿನ ಮೂಕಂಡಪಲ್ಲಿಯಲ್ಲಿರುವ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ಹುಡುಗಿಗೆ ಆ ದಿನ ಭಾನುವಾರವೇ ಬರುತ್ತದೆಂಬ ಭರವಸೆ ಏನು? ಕಾನೂನು ಅವಳ ಪರವಾಗಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಮಿನಲ್ಲಿದ್ದ ಹಾಗೆ, 2025ರಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಗರ್ಭಸ್ರಾವಕ್ಕೂ ವೈದ್ಯಕೀಯ ಗರ್ಭಪಾತಕ್ಕೂ ಆರು ವಾರ ಸಂಬಳ ಸಹಿತ ರಜೆ ಇದೆ. ಆದರೆ ಪುರಾವೆ ಕೊಡಬೇಕು. ಅಂಗಡಿಯಿಂದ ಮಾತ್ರೆ ತಂದವಳ ಹತ್ತಿರ ಪುರಾವೆ ಇಲ್ಲ. ಇದ್ದರೂ ಸೂಪರ್‌ವೈಸರ್ ಮುಂದೆ ಅದನ್ನು ಚಾಚುವ ಧೈರ್ಯ ಎಷ್ಟು ಜನಕ್ಕೆ? ಕಾಂಟ್ರಾಕ್ಟ್ ಮೇಲಿದ್ದವಳಂತೂ ಬಾಯಿ ಬಿಡುವುದಿಲ್ಲ. ಹೀಗಾಗಿ ಕಾನೂನು ಕೊಟ್ಟ ಆರು ವಾರ ಅವಳ ಪಾಲಿಗೆ ಕಳೆದುಹೋದ ಒಂದೆರಡು ಪಾಳಿಯ ಕೂಲಿಯಾಗಿ ಮುಗಿಯುತ್ತದೆ. ಗರ್ಭಪಾತದ ನಿಜವಾದ ಬೆಲೆ ಇಲ್ಲಿದೆ, ಮತ್ತು ಇದನ್ನು ಬರೆದಿಟ್ಟವರು ಕಡಿಮೆ.

ಇದರ ಜೊತೆಗೆ ಹೆಣೆದುಕೊಂಡಿರುವ ಇನ್ನೊಂದು ಸಂಕಟ ನಮ್ಮ ಸೀಮೆಯದೇ: ಹೆಣ್ಣೆಂದು ತಿಳಿದು ತೆಗೆಸುವುದು. 2001ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 851. ಜಯಲಲಿತಾ ಸರ್ಕಾರ 1992ರಲ್ಲಿ ಅಲ್ಲಿ ಆರಂಭಿಸಿದ, ಬೇಡವಾದ ಹೆಣ್ಣುಕೂಸನ್ನು ಸರ್ಕಾರಕ್ಕೆ ಒಪ್ಪಿಸುವ ತೊಟ್ಟಿಲು ಮಗು ಯೋಜನೆ 2001ರಲ್ಲಿ ಧರ್ಮಪುರಿಗೂ ಬಂತು. ಆಗ ಹೊಸೂರು ಇರುವ ಕೃಷ್ಣಗಿರಿ ಇನ್ನೂ ಆ ಜಿಲ್ಲೆಯಲ್ಲೇ ಇತ್ತು. 2011ರಲ್ಲಿ ಕೃಷ್ಣಗಿರಿಯ ಅನುಪಾತ 926, ತಮಿಳುನಾಡಿನದು 943, ಕರ್ನಾಟಕದ್ದು 948. ಕರ್ನಾಟಕದವರು ನಿಟ್ಟುಸಿರು ಬಿಡುವ ಹಾಗೂ ಇಲ್ಲ: 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಲಿಂಗ ಪತ್ತೆಯ ಸ್ಕ್ಯಾನಿಂಗ್ ನಡೆಯುತ್ತಿತ್ತೆಂದು ಬೆಂಗಳೂರಿನ ಪೊಲೀಸರು ಹೇಳಿದಾಗ ಎಲ್ಲರೂ ಬೆಚ್ಚಿದೆವು.

ಸೀಮಾ ಜಯಚಂದ್ರನ್ ಅವರ 2017ರ ಅಧ್ಯಯನ ಹೇಳುವಂತೆ, ಚಿಕ್ಕ ಕುಟುಂಬದ ಬಯಕೆ ಬೆಳೆದಂತೆ ಒಂದಾದರೂ ಗಂಡಿರಲಿ ಎಂಬ ಒತ್ತಡವೂ ಬಿಗಿಯಾಗುತ್ತದೆ. ನ್ಯಾನ್ಸಿ ಚಿಯೆನ್ ಚೀನಾದಲ್ಲಿ ಕಂಡದ್ದು ಇನ್ನೊಂದು ಮುಖ. ಹೆಂಗಸರು ಚಹಾ ಕೀಳುವ ಜಿಲ್ಲೆಗಳಲ್ಲಿ ಚಹಾದ ಬೆಲೆ ಏರಿದಾಗ ಬದುಕುಳಿದ ಹೆಣ್ಣುಮಕ್ಕಳು ಹೆಚ್ಚಾದರು. ಮನೆಯ ಒಟ್ಟು ವರಮಾನ ಏರಿದ ಮಾತ್ರಕ್ಕೆ ಹಾಗೆ ಆಗಲಿಲ್ಲ. ಹೊಸೂರಿನ ಗುಲಾಬಿ ತೋಟಗಳಲ್ಲಿ, ವಾಚು ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳ ಕೈಗೇ ಸಂಬಳ ಬರುತ್ತಿದೆ. ಆ ಸಂಬಳ ಈ ಸೀಮೆಯ ಅನುಪಾತವನ್ನು ಬದಲಿಸಿದೆಯೇ? ಬರುವ ಜನಗಣತಿಯ ಅಂಕಿಗಳು ಹೊರಬೀಳುವ ಮೊದಲೇ ನಾವು ಪ್ರಶ್ನೆಯನ್ನು ಸರಿಯಾಗಿ ಕಟ್ಟಿಕೊಂಡಿರಬೇಕು.

ಗರ್ಭಪಾತ, ಹೆಣ್ಣೆಂದು ತಿಳಿದು ತೆಗೆಸುವುದು ಈ ಎರಡು ಸಂಗತಿಗಳನ್ನು ಒಂದೇ ಎಂದು ತಿಳಿದದ್ದರಿಂದ ಆಗಿರುವ ಹಾನಿಯನ್ನು ನಾನು ಒತ್ತಿ ಹೇಳಬೇಕು. ಮಾತ್ರೆಗೆ ಅನುಮತಿ ಇರುವುದು ಒಂಬತ್ತು ವಾರದವರೆಗೆ. ಅಷ್ಟು ಎಳೆಯ ಗರ್ಭದಲ್ಲಿ ಹೆಣ್ಣೋ ಗಂಡೋ ಎಂದು ಸ್ಕ್ಯಾನಿಂಗ್ ಹೇಳಲಾರದು. ಹೀಗಿದ್ದೂ ಭ್ರೂಣಹತ್ಯೆ ತಡೆಯುವ ಹೆಸರಿನಲ್ಲಿ ತನಿಖೆಯ ಕಣ್ಣು ಮಾತ್ರೆಯ ಮೇಲೆ ಬಿತ್ತು. ತಮಿಳುನಾಡಿನ ಔಷಧಿ ಅಂಗಡಿಗಳಲ್ಲಿ ಅದನ್ನು ಇಟ್ಟುಕೊಳ್ಳುವವರೇ ಅಪರೂಪವಾದರು. ಲಿಂಗ ಪತ್ತೆಯ ಜಾಲ ಇದರಿಂದ ಸೊರಗಲಿಲ್ಲ. ತೊಂದರೆ ಅನುಭವಿಸಿದವಳು ಎಂಟನೇ ವಾರದಲ್ಲಿ ವೈದ್ಯರ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದ ಹೆಂಗಸು.

ಹೊಸೂರಿನ ಗಡಿಯ ಜೂಜುವಾಡಿ ದಾಟಿದರೆ ಕರ್ನಾಟಕದ ಅತ್ತಿಬೆಲೆ. ಎರಡೂ ಕಡೆ ಅದೇ ಕನ್ನಡ, ತೆಲುಗು, ತಮಿಳು ಮನೆಗಳು, ಅದೇ ನೆಂಟಸ್ತಿಕೆ, ಅದೇ ಕಾನೂನು. ಔಷಧ ನಿಯಂತ್ರಣದ ಇಲಾಖೆಗಳು ಮಾತ್ರ ಎರಡು. ಮಾತ್ರೆ ಸಿಗುವ ರೀತಿ ಗಡಿಯ ಎರಡು ಬದಿಯಲ್ಲಿ ಬೇರೆ ಇದ್ದರೆ, ಅದರಿಂದ ಹೆಂಗಸರ ಆರೋಗ್ಯ, ಕೆಲಸ, ಸಾಲಗಳಲ್ಲಿ ಏನು ವ್ಯತ್ಯಾಸವಾಗಿದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಈ ಅಧ್ಯಯನವನ್ನು ಕನ್ನಡ, ತಮಿಳು, ತೆಲುಗು ಮೂರೂ ಬಲ್ಲ ನಮ್ಮ ವಿದ್ಯಾರ್ಥಿನಿಯರೇ ಮಾಡಬಲ್ಲರು.

ಪ್ರಶ್ನಾವಳಿ ಬರೆಯುವಾಗ ಆಸ್ಪತ್ರೆ ಖರ್ಚಿನ ಪಕ್ಕದಲ್ಲೇ ಬಸ್ ಚಾರ್ಜು, ತಪ್ಪಿದ ಪಾಳಿ, ಜೊತೆಗೆ ಬಂದವರ ಕೂಲಿ, ಕೈಸಾಲದ ಬಡ್ಡಿ ಇವಕ್ಕೂ ಜಾಗ ಬಿಡಿ. ಹದಿನೆಂಟು ತುಂಬದವರ ವಿಷಯದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡುವ ಕರ್ತವ್ಯ ಬರುತ್ತದೆ. ಕ್ಷೇತ್ರಕ್ಕೆ ಇಳಿಯುವ ಮೊದಲೇ ವಕೀಲರ ಜೊತೆ ಕೂತು ಅದನ್ನು ತಿಳಿದುಕೊಳ್ಳಿ. ಅತ್ತೆ, ಗಂಡ, ಮೇಸ್ತ್ರಿ ಎದುರಿಗಿದ್ದರೆ ಪುಸ್ತಕ ಮುಚ್ಚಿ ಬೇರೆ ಮಾತಾಡಿ ಎದ್ದು ಬನ್ನಿ. ಮತ್ತು ಹೆಸರು ಬರೆಯುವ ಕಾಲಮ್ಮನ್ನು ಕರಡಿನಿಂದ ಇವತ್ತೇ ತೆಗೆದುಹಾಕಿ.