ವೀಲ್ ನಟ್ ಟೈಟ್ ಇದ್ರೆ ಸಾಕಾ?

ಇವತ್ತಿನ ಎಪಿಸೋಡ್ ತುಂಬಾ ಚಿಕ್ಕ ವಸ್ತುವಿನ ಬಗ್ಗೆ. ಒಂದು ಮುಷ್ಟಿಯಲ್ಲಿ ನಾಲ್ಕು ಹಿಡಿಸುತ್ತೆ. ಒಂದರ ಬೆಲೆ ಹೆಚ್ಚುಕಡಿಮೆ ಒಂದು ಮಸಾಲೆ ದೋಸೆಯಷ್ಟು. ಆದ್ರೆ ನಿಮ್ಮ ಕಾರಿನ ಚಕ್ರ ಕಾರಿನ ಜೊತೆಗೇ ಇರಬೇಕು ಅಂದ್ರೆ ಅದೇ ಗತಿ. ವೀಲ್ ನಟ್.

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಬಿಕಾಂ. ಈ ಪಾಠ ಕಲಿತಿದ್ದು ಸಕಲೇಶಪುರದ ರಸ್ತೆ ಬದಿಯಲ್ಲಿ, ಹಿಂದಿನ ಸೀಟಲ್ಲಿ ಅಮ್ಮ, ತಂಗಿ ಕೂತಿದ್ದಾಗ.

ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಇದೆ. ಆಸೆಪಟ್ಟು ಅಲಾಯ್ ವೀಲ್ ಹಾಕಿಸಿದ್ದೆ. ಜೊತೆಗೆ ಕಪ್ಪು ಬಣ್ಣದ ಹೊಸ ನಟ್ ಸೆಟ್. ಅಂಗಡಿ ಹುಡುಗ ಏರ್ ಗನ್ ತಗೊಂಡು ಟರ್ರ್ ಟರ್ರ್ ಅಂತ ಹತ್ತು ನಿಮಿಷದಲ್ಲಿ ಹದಿನಾರು ನಟ್ ಕೂರಿಸಿದ. 'ಫುಲ್ ಟೈಟ್ ಇದೆ ಅಣ್ಣ' ಅಂದ. ನಾನೂ ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ಮುಂದಿನ ವಾರ ಬೆಂಗಳೂರಿಂದ ಮಂಗಳೂರಿಗೆ ಹೊರಟ್ವಿ. ಹಾಸನ ದಾಟಿದ ಮೇಲೆ ಎಡಗಡೆ ಮುಂದಿನಿಂದ ಟಕ್ ಟಕ್ ಅಂತ ಸಣ್ಣ ಸದ್ದು. ಸ್ಪೀಡ್ ಏರಿಸಿದ್ರೆ ಸದ್ದೂ ಬೇಗ ಬೇಗ ಬರೋದು. ಸ್ಟೀರಿಂಗ್ ಸ್ವಲ್ಪ ನಡುಗ್ತಿತ್ತು. ಅಮ್ಮ ಹಿಂದಿನಿಂದ 'ಏನೋ ಅದು ಸೌಂಡು?' ಅಂದ್ರು. 'ರೋಡ್ ಸರಿ ಇಲ್ಲಮ್ಮ' ಅಂದೆ. ಅಂದಿದ್ದಲ್ಲದೆ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದೆ. ಇದನ್ನ ಹೇಳೋಕೆ ಈಗಲೂ ನಾಚಿಕೆ ಆಗುತ್ತೆ.

ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದೆ. ಪಕ್ಕದಲ್ಲೇ ಪಂಕ್ಚರ್ ಅಂಗಡಿ. ಹೇಗೂ ನಿಂತಿದ್ದೀವಲ್ಲ, ಗಾಳಿ ನೋಡಿಸೋಣ ಅಂತ ಕಾರನ್ನ ಅಲ್ಲಿಗೆ ತಂದೆ. ಅಲ್ಲಿದ್ದ ವಯಸ್ಸಾದವರು ಎಡಗಡೆ ಮುಂದಿನ ಚಕ್ರದ ಹತ್ತಿರ ಕೂತವರು ಏಳಲೇ ಇಲ್ಲ. ನಾಲ್ಕು ನಟ್‌ನಲ್ಲಿ ಒಂದು ಇರಲೇ ಇಲ್ಲ. ಇನ್ನೊಂದನ್ನ ಅವರು ಎರಡು ಬೆರಳಲ್ಲಿ ತಿರುಗಿಸಿ ತೋರಿಸಿದ್ರು. ನಟ್ ಕೂರೋ ಜಾಗದಲ್ಲಿ ಅಲಾಯ್ ತೇದು ಬೂದಿಯಂಥ ಪುಡಿ ಆಗಿತ್ತು.

'ಸಾರ್, ಇದರಲ್ಲಿ ಘಾಟಿ ಇಳೀಬೇಡಿ. ಈ ನಟ್ ನಿಮ್ಮ ಗಾಡೀದಲ್ಲ' ಅಂದ್ರು.

ಅಲ್ಲಿಂದ ಮುಂದೆ ಶಿರಾಡಿ ಘಾಟ್. ತಿರುವುಗಳು, ಇಳಿಜಾರು, ಎದುರಿಗೆ ಟ್ಯಾಂಕರ್‌ಗಳು. ಕಾಫಿಗೆ ನಿಲ್ಲಿಸದೇ ಹೋಗಿದ್ರೆ ಅಂತ ನಾನು ಇವತ್ತಿಗೂ ಯೋಚನೆ ಮಾಡ್ತೀನಿ.

ಸರಿ, ಆಗಿದ್ದೇನು? ಸ್ವಿಫ್ಟ್‌ನ ಸ್ಟಡ್ 12 ಮಿಲಿಮೀಟರ್ ದಪ್ಪ, ಅದರ ಥ್ರೆಡ್ 1.25. ಅಂದ್ರೆ ಒಂದು ಸುತ್ತು ತಿರುಗಿಸಿದ್ರೆ ನಟ್ 1.25 ಮಿಲಿಮೀಟರ್ ಮುಂದೆ ಹೋಗುತ್ತೆ. ನನಗೆ ಹಾಕಿದ್ದು 12 ಮಿಲಿಮೀಟರ್‌ದೇ, ಆದ್ರೆ ಥ್ರೆಡ್ 1.5. ಹ್ಯುಂಡೈ, ಟೊಯೋಟಾ, ಹೋಂಡಾ ಕಾರುಗಳಲ್ಲಿ ಸಾಮಾನ್ಯವಾಗಿ ಇರೋದು ಅದು. ಎರಡನ್ನೂ ಅಂಗೈಲಿ ಇಟ್ಕೊಂಡು ನೋಡಿದ್ರೆ ಅವಳಿ ಜವಳಿ. ಆದ್ರೆ ತಪ್ಪು ನಟ್ ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತೆ. ಕೈಯಲ್ಲಿ ಹಾಕಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಗನ್‌ಗೆ ಗೊತ್ತಾಗಲ್ಲ, ಥ್ರೆಡ್ ಕೊರ್ಕೊಂಡು ನುಗ್ಗಿಸುತ್ತೆ.

ಹಾಗಾದ್ರೆ ಟೈಟ್ ಇತ್ತಲ್ವಾ, ಯಾಕೆ ಸಡಿಲ ಆಯ್ತು? ಈ ಎಪಿಸೋಡ್‌ನಲ್ಲಿ ಒಂದೇ ಒಂದು ಮಾತು ನೆನಪಿಟ್ಕೋತೀರಾ ಅಂದ್ರೆ ಇದನ್ನ ಇಟ್ಕೊಳ್ಳಿ: ಟೈಟ್ ಅನ್ನಿಸೋದು ಬೇರೆ, ಹಿಡಿದಿರೋದು ಬೇರೆ.

ಚಕ್ರ ಸ್ಟಡ್‌ಗಳ ಮೇಲೆ ನೇತಾಡಿಕೊಂಡಿರುತ್ತೆ ಅಂತ ನಾನು ಅಂದ್ಕೊಂಡಿದ್ದೆ. ಹಾಗಲ್ಲ. ನಟ್ ಬಿಗಿ ಮಾಡಿದಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ. ಹಿಗ್ಗಿದ ಸ್ಟಡ್ ರಬ್ಬರ್ ಬ್ಯಾಂಡ್ ತರ ವಾಪಸ್ ಎಳೆಯುತ್ತೆ, ಆ ಎಳೆತ ಚಕ್ರವನ್ನ ಹಬ್‌ಗೆ ಒತ್ತಿ ಹಿಡಿಯುತ್ತೆ. 12 ಮಿಲಿಮೀಟರ್ ಸ್ಟಡ್‌ಗೆ 100 ನ್ಯೂಟನ್ ಮೀಟರ್ ಬಿಗಿ ಕೊಟ್ಟರೆ ಒಂದೊಂದು ನಟ್ ಸುಮಾರು 4 ಟನ್ ಬಲದಲ್ಲಿ ಒತ್ತುತ್ತೆ. ನಿಮ್ಮ ಕಾರಿನ ತೂಕವೇ ಸುಮಾರು ಒಂದು ಟನ್. ನನ್ನ ಕಾರಲ್ಲಿ ಆಗಿದ್ದು ಏನಂದ್ರೆ, ಗನ್ ಹಾಕಿದ ಶಕ್ತಿಯೆಲ್ಲ ತಪ್ಪು ಥ್ರೆಡ್ ಜೊತೆ ಗುದ್ದಾಡೋದಕ್ಕೇ ಖರ್ಚಾಯ್ತು. ಚಕ್ರ ಒತ್ತೋಕೆ ಏನೂ ಉಳಿಯಲಿಲ್ಲ. ಟರ್ನೋವರ್ ಜೋರು, ಲಾಭ ಸೊನ್ನೆ.

ಈಗ ನೀವು ನಟ್ ಬದಲಾಯಿಸ್ತಿದ್ದೀರಿ ಅಂದ್ಕೊಳ್ಳಿ. ಏನು ನೋಡಬೇಕು?

ಒಂದು, ದಪ್ಪ ಮತ್ತು ಥ್ರೆಡ್. ಮಾರುತಿ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 12 ಇಂಟು 1.25, ಹ್ಯುಂಡೈಗೆ 12 ಇಂಟು 1.5. ನಿಮ್ಮ ಮಾಡೆಲ್‌ಗೆ ಯಾವುದು ಅಂತ ಖಚಿತ ಮಾಡ್ಕೊಳ್ಳಿ. ಫೋಕ್ಸ್‌ವ್ಯಾಗನ್ ಪೋಲೋ ಇದ್ರೆ ನಿಮಗೆ ನಟ್ಟೇ ಇಲ್ಲ, ಬೋಲ್ಟ್ ಇರುತ್ತೆ.

ಎರಡು, ನಟ್ ಕೂರೋ ಮುಖ. ಕೆಲವು ನಟ್‌ಗಳದ್ದು ಕೋನ್ ತರ ಇಳಿಜಾರು. ಹೋಂಡಾದ ಕಂಪನಿ ಚಕ್ರಗಳಲ್ಲಿ ಗುಂಡಗೆ, ಚೆಂಡಿನ ತರ. ಇನ್ನು ಕೆಲವು ವಾಷರ್ ಜೊತೆ ಚಪ್ಪಟೆ. ಮುಖ ಚಕ್ರದ ತೂತಿಗೆ ಹೊಂದಬೇಕು. ಕೋನ್ ತೂತಿಗೆ ಗುಂಡು ನಟ್ ಹಾಕಿದ್ರೆ ತೆಳ್ಳಗೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತೆ. ನೆನಪಿಡಿ, ಥ್ರೆಡ್ ಕಾರಿಗೆ ಮ್ಯಾಚ್ ಆಗಬೇಕು, ಮುಖ ಚಕ್ರಕ್ಕೆ ಮ್ಯಾಚ್ ಆಗಬೇಕು. ಅಲಾಯ್ ಬದಲಾಯಿಸಿದ್ರೆ ಹಳೇ ನಟ್ ಹೊಂದದೇ ಇರಬಹುದು.

ಮೂರು, ಎಷ್ಟು ಸುತ್ತು ಹಿಡಿಯುತ್ತೆ. ಸ್ಟಡ್ ಎಷ್ಟು ದಪ್ಪವೋ ಅಷ್ಟು ಉದ್ದ ಥ್ರೆಡ್ ಹಿಡಿದಿರಬೇಕು ಅನ್ನೋದು ಸುರಕ್ಷಿತ ಲೆಕ್ಕ. 12 ಭಾಗಿಸು 1.5 ಅಂದ್ರೆ 8 ಸುತ್ತು. 12 ಭಾಗಿಸು 1.25 ಅಂದ್ರೆ ಹತ್ತಿರ ಹತ್ತಿರ 10 ಸುತ್ತು. ನಾಲ್ಕೇ ಸುತ್ತಿಗೆ ನಿಂತ್ರೆ ಅದು ನಿಮ್ಮ ನಟ್ ಅಲ್ಲ.

ಇನ್ನು ಬಿಚ್ಚೋದು. ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಗೇರ್, ಎದುರು ಮೂಲೆಯ ಚಕ್ರಕ್ಕೆ ಕಲ್ಲು. ಜಾಕ್ ಏರಿಸೋಕೆ ಮೊದಲು, ಚಕ್ರ ನೆಲದ ಮೇಲಿರುವಾಗಲೇ ಪ್ರತಿ ನಟ್ ಅರ್ಧ ಸುತ್ತು ಸಡಿಲ ಮಾಡಿ. ಎಡಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ. ಆಮೇಲೆ ಜಾಕ್. ಜಾಕ್ ಮೇಲಿರೋ ಕಾರಿನ ಕೆಳಗೆ ಕೈಕಾಲು ಹಾಕಬೇಡಿ.

ತುಕ್ಕು ಹಿಡಿದು ಬರ್ತಿಲ್ವಾ? ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಹದಿನೈದು ನಿಮಿಷ ಕಾಯಿರಿ. ಉದ್ದ ಪೈಪ್ ಸಿಕ್ಕಿಸಿ ಎಳೀಬಹುದು, ಆದ್ರೆ ಬಿಚ್ಚೋಕೆ ಮಾತ್ರ, ಬಿಗಿ ಮಾಡೋಕಲ್ಲ. ಪಾನಾ ಸರಿಯಾದ ಸೈಜ್ ಇರಲಿ. ಮಾರುತಿಗೆ ಸಾಮಾನ್ಯವಾಗಿ 19, ಹ್ಯುಂಡೈಗೆ 21. ದೊಡ್ಡದು ಹಾಕಿ ತಿರುಗಿಸಿದ್ರೆ ನಟ್ ಮೂಲೆ ಸವೆದು ಗುಂಡಗಾಗುತ್ತೆ. ಗುಂಡಗಾದ ಮೇಲೆ ಗ್ಯಾರೇಜೇ ಗತಿ. ಸವೆದ ನಟ್ ಕಚ್ಚಿ ತಿರುಗಿಸೋ ವಿಶೇಷ ಸಾಕೆಟ್ ಅವರ ಹತ್ತಿರ ಇರುತ್ತೆ. ಅಂಥ ನಟ್ ವಾಪಸ್ ಹಾಕಬೇಡಿ. ಸ್ಟಡ್ ಥ್ರೆಡ್ ಹೋಗಿದ್ರೆ ಸ್ಟಡ್ಡೂ ಬದಲಾಗಬೇಕು.

ಹಾಕೋವಾಗ ಹಬ್ ಮೇಲಿನ ಮಣ್ಣು, ತುಕ್ಕು ಬ್ರಷ್‌ನಿಂದ ತೆಗೀರಿ. ಸ್ಪ್ರೇ ಹೊಡೆದಿದ್ರೆ ಒರೆಸಿ. ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಜಾರಿದಾಗ ಅದೇ ಬಿಗಿಯಲ್ಲಿ ಸ್ಟಡ್ ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗುತ್ತೆ. ಎಲ್ಲಾ ನಟ್ ಮೊದಲು ಬೆರಳಲ್ಲೇ ತಿರುಗಿಸಿ. ಬೆರಳಲ್ಲಿ ನಾಲ್ಕೈದು ಸುತ್ತು ಹೋಗಲಿಲ್ಲ ಅಂದ್ರೆ ನಿಲ್ಲಿಸಿ. ಆಮೇಲೆ ಪಾನಾದಲ್ಲಿ ಒಂದು ಬಿಟ್ಟು ಎದುರಿಂದು, ಹೀಗೆ ಅಡ್ಡಡ್ಡ. ಕಾರ್ ಇಳಿಸಿದ ಮೇಲೆ ಕೊನೇ ಬಿಗಿ.

ಎಷ್ಟು ಬಿಗಿ? ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಕಾರಿನ ಅಂಕಿ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. 30 ಸೆಂಟಿಮೀಟರ್ ಪಾನಾದ ತುದಿಯಲ್ಲಿ 34 ಕೆ.ಜಿ. ಭಾರ ಬಿಟ್ಟರೆ 100 ಆಗುತ್ತೆ. 65 ಕೆ.ಜಿ. ಇರೋರು ಅದರ ಮೇಲೆ ಹತ್ತಿ ನಿಂತ್ರೆ 190 ದಾಟುತ್ತೆ. ಅಂದ್ರೆ ಪಾನಾ ಮೇಲೆ ಹತ್ತಿ ಕುಣಿಯೋದು ಸೇಫ್ಟಿ ಅಲ್ಲ, ಸ್ಟಡ್ ಹಾಳು ಮಾಡೋ ದಾರಿ. ಅಂಗಡಿಯಲ್ಲಿ ಟಾರ್ಕ್ ರೆಂಚ್ ಇದ್ರೆ 'ಕೊನೇ ಬಿಗಿ ಅದರಲ್ಲೇ ಹಾಕಿ' ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದ್ಸಲ ಚೆಕ್ ಮಾಡಿ, ಅಲಾಯ್ ಆದ್ರಂತೂ ಮರೀಲೇಬೇಡಿ.

ಸಕಲೇಶಪುರದಲ್ಲಿ ಆವತ್ತು ಎರಡು ಸ್ಟಡ್ ಬದಲಾಯ್ತು, ಹದಿನಾರು ನಟ್ಟೂ ಹೊಸದು ಬಂತು. ಗ್ಯಾರೇಜ್ ಬೆಂಚ್ ಮೇಲೆ ನಾಲ್ಕು ಗಂಟೆ ಕಾದ್ವಿ. ಅಮ್ಮ ಒಂದು ಮಾತೂ ಬೈಲಿಲ್ಲ. ಘಾಟಿ ಇಳಿಯೋವಾಗ ಮಾತ್ರ 'ಇನ್ಮೇಲೆ ಸೌಂಡು ಅಂದ್ರೆ ಹಾಡು ಆರಿಸು' ಅಂದ್ರು.

ಈ ಭಾನುವಾರ ಪಾನಾ ತಗೊಂಡು ನಿಮ್ಮ ಕಾರಿನ ನಟ್‌ಗಳನ್ನ ಒಂದ್ಸಲ ನೋಡಿ. ಅಪ್ಪನ ಕಾರ್ ಆದ್ರೂ ನೋಡಿ. ಐದೇ ನಿಮಿಷದ ಕೆಲಸ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ, ಹುಷಾರಾಗಿ ಓಡಿಸಿ.