ಲೋಕಸಭೆಗೂ ನಮ್ಮ ಹಾಲಿಗೂ ಏನು ಸಂಬಂಧ?

(ಸಂಘಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕೆಚ್ಚಲು ಬಾವು, ಹಸಿರು ಮೇವು, ಶುದ್ಧ ಹಾಲು ಉತ್ಪಾದನೆ ಕುರಿತು ಬೆಳಗಿನಿಂದ ತಾವು ಕೇಳಿದ್ದೀರಿ. ನನ್ನ ಪಾಲಿಗೆ ಬಂದ ವಿಷಯ ಲೋಕಸಭೆ. ಹಸುವಿಗೂ ದೆಹಲಿಗೂ ಎತ್ತಣ ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಸಂಬಂಧ ಇದೆ, ಆದರೆ ನಾವು ಅಂದುಕೊಂಡಷ್ಟು ನೇರವಾಗಿ ಇಲ್ಲ.

ತಮ್ಮ ಸಂಘದ ಸರ್ವ ಸದಸ್ಯರ ಸಭೆಯನ್ನು ನೆನಪಿಗೆ ತಂದುಕೊಳ್ಳಿ. ಕೋರಂ ಇಲ್ಲದೆ ಸಭೆ ಇಲ್ಲ. ಅಧ್ಯಕ್ಷರ ಅಪ್ಪಣೆ ಇಲ್ಲದೆ ಯಾರೂ ಮಾತನಾಡುವಂತಿಲ್ಲ; ಮಾತನಾಡುತ್ತಾರೆ, ಅದು ಬೇರೆ ಮಾತು. ಲೋಕಸಭೆಯ ಕಟ್ಟಳೆಯೂ ಇದೇ ಬಗೆಯದು. ಅಲ್ಲಿ 543 ಸ್ಥಾನಗಳು, ಅದರಲ್ಲಿ ಕರ್ನಾಟಕದ್ದು 28. ಹತ್ತರಲ್ಲಿ ಒಂದು ಪಾಲು, ಎಂದರೆ 55 ಸದಸ್ಯರು ಹಾಜರಿದ್ದರೆ ಕೋರಂ ಆಯಿತು. ಸಭೆ ನಡೆಸುವವರು ಸ್ಪೀಕರ್. 1977 ರಿಂದ 1980 ರ ವರೆಗೆ ನಮ್ಮವರೇ ಆದ ಕೆ.ಎಸ್. ಹೆಗ್ಡೆಯವರು ಆ ಪೀಠದಲ್ಲಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದು, 1973 ರಲ್ಲಿ ಹಿರಿತನ ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಹೊರಬಂದವರು ಅವರು. ಸ್ಪೀಕರ್ ಮೊದಲಿಗೆ ಮತ ಹಾಕುವುದಿಲ್ಲ. ಎರಡೂ ಕಡೆ ಮತ ಸಮವಾದರೆ ಮಾತ್ರ ಹಾಕುತ್ತಾರೆ.

ಮಂತ್ರಿಮಂಡಲ ಉಳಿಯುವುದೂ ಉರುಳುವುದೂ ಈ ಸಭೆಯ ವಿಶ್ವಾಸದ ಮೇಲೆ. 1997 ರ ಏಪ್ರಿಲ್ 11 ರಂದು ಶ್ರೀ ದೇವೇಗೌಡರ ಸರ್ಕಾರ ವಿಶ್ವಾಸ ಮತದಲ್ಲಿ 158 ಮತ ಪಡೆಯಿತು, ವಿರುದ್ಧ 292 ಬಿದ್ದವು. ಎರಡು ವರ್ಷದ ನಂತರ, 1999 ರ ಏಪ್ರಿಲ್ 17 ರಂದು, ಶ್ರೀ ವಾಜಪೇಯಿಯವರ ಸರ್ಕಾರ 269 ಕ್ಕೆ 270 ರಂತೆ ಬಿತ್ತು. ಒಂದೇ ಒಂದು ಮತ. ‘ನಾನೊಬ್ಬ ಬರದಿದ್ದರೆ ಏನಾಯಿತು’ ಎಂದು ಸಂಘದ ಸಭೆಗೆ ತಪ್ಪಿಸಿಕೊಳ್ಳುವವರಿಗೆ ಈ ಲೆಕ್ಕ ಹೇಳಿ ನೋಡಿ.

ಇಷ್ಟು ಬಲವುಳ್ಳ ಸಭೆಯಾದ್ದರಿಂದ ಎಲ್ಲವನ್ನೂ ಅಲ್ಲಿಯೇ ಕೇಳಬಹುದೆಂದು ನಮ್ಮ ಜನ ತಿಳಿಯುತ್ತಾರೆ. ಸಂಸತ್ ಸದಸ್ಯರು ಊರಿಗೆ ಬಂದಾಗ ‘ಲೀಟರಿಗೆ ಎರಡು ರೂಪಾಯಿ ಹೆಚ್ಚು ಮಾಡಿಸಿ’ ಎಂದು ಮನವಿ ಕೊಡುತ್ತೇವೆ. ಅವರು ಆಗಲಿ ಎನ್ನುತ್ತಾರೆ. ಹಾಲಿನ ಖರೀದಿ ದರ ಲೋಕಸಭೆಯ ಕೈಯಲ್ಲಿಲ್ಲ. ರಾಜ್ಯ ಸರ್ಕಾರದ ಪ್ರೋತ್ಸಾಹಧನ ಬಾಕಿಯಿದ್ದರೆ ಅದನ್ನು ಕೇಳಬೇಕಾದವರು ಶಾಸಕರು, ಕೇಳಬೇಕಾದ ಸ್ಥಳ ವಿಧಾನಸಭೆ. ಸಹಕಾರ ಸಂಘಗಳೂ ಸಂವಿಧಾನದಲ್ಲಿ ರಾಜ್ಯದ ಪಟ್ಟಿಗೆ ಸೇರಿದ ವಿಷಯ. ನಮ್ಮ ಸಂಘಗಳು ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959 ರ ಪ್ರಕಾರ.

ಈ ಗಡಿ ಎಷ್ಟು ಗಟ್ಟಿ ಎಂಬುದು 97 ನೇ ಸಂವಿಧಾನ ತಿದ್ದುಪಡಿಯಲ್ಲಿ ತಿಳಿಯಿತು. 2011 ರ ಡಿಸೆಂಬರಿನಲ್ಲಿ ಲೋಕಸಭೆ ಅದನ್ನು ಅಂಗೀಕರಿಸಿತು. ನಿರ್ದೇಶಕರು 21 ಕ್ಕಿಂತ ಹೆಚ್ಚಿರಬಾರದು, ಅವಧಿ ಐದು ವರ್ಷ ಎಂಬಂತಹ ಒಳ್ಳೆಯ ನಿಯಮಗಳೇ ಅದರಲ್ಲಿದ್ದವು. ಆದರೆ ರಾಜ್ಯಗಳ ವಿಷಯಕ್ಕೆ ಕೈ ಹಾಕುವಾಗ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ ಬೇಕು. ಅದನ್ನು ಪಡೆದಿರಲಿಲ್ಲ. 2021 ರ ಜುಲೈನಲ್ಲಿ ಸುಪ್ರೀಂ ಕೋರ್ಟು ರಾಜ್ಯದೊಳಗಿನ ಸಂಘಗಳಿಗೆ ಸಂಬಂಧಿಸಿದ ಆ ಭಾಗವನ್ನು ರದ್ದುಮಾಡಿತು. ಸಹಕಾರ ಸಂಘ ಕಟ್ಟುವುದು ಮೂಲಭೂತ ಹಕ್ಕು ಎಂಬ ಮಾತು ಮಾತ್ರ ಸಂವಿಧಾನದಲ್ಲಿ ಉಳಿದಿದೆ. ಅದು ಸಣ್ಣ ಲಾಭವಲ್ಲ.

ಹಾಗಾದರೆ ದೆಹಲಿಯಲ್ಲಿ ನಮ್ಮದೇನಿದೆ? ಆಣಂದದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಗೆ ಈಗಿನ ರೂಪ ಬಂದದ್ದು 1987 ರಲ್ಲಿ ಸಂಸತ್ತು ಮಾಡಿದ ಕಾಯಿದೆಯಿಂದ. ಅದಕ್ಕಿಂತ ದೊಡ್ಡದು ಆಮದು. ಹೊರದೇಶದ ಹಾಲಿನ ಪುಡಿ ಎಷ್ಟು ಸುಂಕಕ್ಕೆ ಒಳಬರಬೇಕೆಂಬುದು ಪೂರ್ತಿ ಕೇಂದ್ರದ ವಿಷಯ. ಪುಡಿ ಅಗ್ಗವಾದರೆ ನಮ್ಮ ಪುಡಿಗೆ ಗಿರಾಕಿ ಇಲ್ಲ. ಒಕ್ಕೂಟದ ಕೈ ಕಟ್ಟಿತೆಂದರೆ ತಮ್ಮ ಬಟವಾಡೆ ಇಳಿಯಿತೆಂದೇ ಲೆಕ್ಕ.

2020 ನೇ ಇಸವಿಯನ್ನು ನೋಡಿ. ಕೊರೋನಾ ಬಂದು ಹೋಟೆಲು ಮುಚ್ಚಿದವು, ಮದುವೆಗಳು ನಿಂತವು, ಮಾರಾಟವಾಗದ ಹಾಲು ಪುಡಿಯಾಗಿ ಗೋದಾಮು ಸೇರಿತು. ಆ ಜೂನ್ ತಿಂಗಳಲ್ಲಿಯೇ 10,000 ಟನ್ ಹಾಲಿನ ಪುಡಿಯನ್ನು ಶೇಕಡಾ 15 ರ ಸುಂಕದಲ್ಲಿ ತರಿಸಲು ಕೇಂದ್ರ ಅಧಿಸೂಚನೆ ಹೊರಡಿಸಿತು. ಆ ಪ್ರಮಾಣ ಮೀರಿದರೆ ಸುಂಕ ಶೇಕಡಾ 60. ಸುಂಕದ ದರಕ್ಕೆ ಲೋಕಸಭೆಯ ಒಪ್ಪಿಗೆ ಬೇಕು, ನಿಜ. ಆದರೆ ಸುಂಕದಲ್ಲಿ ವಿನಾಯಿತಿ ಕೊಡುವ ಅಧಿಕಾರವನ್ನು 1962 ರ ಕಸ್ಟಮ್ಸ್ ಕಾಯಿದೆ ಸರ್ಕಾರಕ್ಕೇ ಕೊಟ್ಟಿದೆ. ಅಧಿಸೂಚನೆಯನ್ನು ಆಮೇಲೆ ಸದನದ ಮುಂದೆ ಇಟ್ಟರಾಯಿತು. ಆಗ ಸದನವೇ ನಡೆಯುತ್ತಿರಲಿಲ್ಲ. ಮಾರ್ಚಿ 23 ಕ್ಕೆ ಎದ್ದುಹೋದದ್ದು ಮತ್ತೆ ಸೇರಿದ್ದು ಸೆಪ್ಟೆಂಬರ್ 14 ಕ್ಕೆ. ಸೇರಿದಾಗ ಆ ಅಧಿವೇಶನಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಲಿಖಿತ ಉತ್ತರಗಳಷ್ಟೇ ಬಂದವು. ಮಂತ್ರಿಗಳನ್ನು ಎದ್ದು ನಿಲ್ಲಿಸಿ ‘ಗೋದಾಮು ತುಂಬಿರುವಾಗ ತರಿಸುವುದೇಕೆ?’ ಎಂದು ಮರುಪ್ರಶ್ನೆ ಹಾಕುವ ಅವಕಾಶ ಆ ಅಧಿವೇಶನದಲ್ಲಿ ಯಾವ ಸದಸ್ಯರಿಗೂ ಇರಲಿಲ್ಲ.

ವಿದೇಶಗಳೊಡನೆ ಮಾಡಿಕೊಳ್ಳುವ ಒಪ್ಪಂದಗಳಿಗಂತೂ ನಮ್ಮ ದೇಶದಲ್ಲಿ ಲೋಕಸಭೆಯ ಮತವೇ ಬೇಕಿಲ್ಲ. ಆರ್‌ಸಿಇಪಿ ಒಪ್ಪಂದ ಬಂದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಹಾಲಿನ ಪದಾರ್ಥ ಸುರಿಯುತ್ತದೆಂದು ಹಾಲು ಒಕ್ಕೂಟಗಳೂ ರೈತ ಸಂಘಟನೆಗಳೂ ಆಕ್ಷೇಪ ಎತ್ತಿದ್ದವು. 2019 ರ ನವೆಂಬರ್ 4 ರಂದು ಬ್ಯಾಂಕಾಕಿನಲ್ಲಿ ಭಾರತ ಹೊರಗುಳಿಯಿತು. ಸದನದಲ್ಲಿ ಮತಕ್ಕೆ ಬಾರದ ಇಂತಹ ವಿಷಯಗಳಲ್ಲಿ ಸದಸ್ಯರ ಕೈಯಲ್ಲಿ ಉಳಿಯುವುದು ಪ್ರಶ್ನೆ ಮತ್ತು ಚರ್ಚೆ ಮಾತ್ರ.

ಆದ್ದರಿಂದಲೇ ಈ ಪ್ರಶ್ನೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಧಿವೇಶನದ ದಿನ ಬೆಳಿಗ್ಗೆ 11 ರಿಂದ 12 ರ ವರೆಗೆ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20. ಇವಕ್ಕೆ ಮಂತ್ರಿಗಳು ಬಾಯಿಮಾತಿನಲ್ಲಿ ಉತ್ತರ ಹೇಳಬೇಕು, ಮರುಪ್ರಶ್ನೆಯನ್ನೂ ಎದುರಿಸಬೇಕು. ಚುಕ್ಕೆ ಇಲ್ಲದವಕ್ಕೆ ಲಿಖಿತ ಉತ್ತರ. ಅವು ದಿನಕ್ಕೆ 230 ರ ವರೆಗೆ. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕು. ಪ್ರಶ್ನೆ 150 ಪದ ಮೀರುವಂತಿಲ್ಲ, ಕೇಂದ್ರ ಸರ್ಕಾರದ ಹೊಣೆಗೆ ಸೇರಿದ ವಿಷಯವೇ ಆಗಿರಬೇಕು. ನಮ್ಮ ‘ಲೀಟರಿಗೆ ಎರಡು ರೂಪಾಯಿ’ ಮನವಿ ಅಲ್ಲಿ ಬಾಗಿಲಲ್ಲೇ ಬಿದ್ದುಹೋಗುತ್ತದೆ. ‘ಕಳೆದ ಮೂರು ವರ್ಷಗಳಲ್ಲಿ ಎಷ್ಟು ಹಾಲಿನ ಪುಡಿ, ಬೆಣ್ಣೆ ಎಣ್ಣೆ ಆಮದಾಗಿದೆ, ಯಾವ ದೇಶದಿಂದ, ಯಾವ ಸುಂಕದಲ್ಲಿ?’ ಎಂದರೆ ಬೀಳುವುದಿಲ್ಲ. ಆ ಉತ್ತರ ಸರ್ಕಾರದ ದಾಖಲೆಯಾಗುತ್ತದೆ. ಮುಂದೆ ಒಕ್ಕೂಟ ವಾದ ಮಾಡುವಾಗ ಅದೇ ಆಧಾರ.

ಇನ್ನೊಂದು ಸಂಗತಿ. ತಮ್ಮ ಕ್ಷೇತ್ರದ ಸದಸ್ಯರು ಕೇಂದ್ರದಲ್ಲಿ ಮಂತ್ರಿಗಳಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ, ಉತ್ತರ ಹೇಳುವವರು ಅವರೇ! ಆಗ ಪಕ್ಕದ ಕ್ಷೇತ್ರದ ಸದಸ್ಯರಿಗೆ ಬರೆಯಿರಿ. ಪಕ್ಷ ಯಾವುದೆಂದು ನೋಡಬೇಡಿ. ನಾವು ಹಾಕುವ ಹಾಲಿಗೆ ಪಕ್ಷವಿಲ್ಲ.

ಆಯವ್ಯಯದ ಬಗ್ಗೆ ಒಂದೇ ಮಾತು. ಪ್ರತಿ ಇಲಾಖೆಯ ಬೇಡಿಕೆಯನ್ನೂ ಲೋಕಸಭೆ ಚರ್ಚಿಸಿ ಒಪ್ಪಬೇಕೆಂಬುದು ನಿಯಮ. ಕೆಲವೇ ಇಲಾಖೆಗಳ ಚರ್ಚೆಯಾಗಿ, ಉಳಿದವನ್ನೆಲ್ಲ ಕೊನೆಯ ದಿನ ಒಟ್ಟಿಗೇ ಮತಕ್ಕೆ ಹಾಕುವುದು ರೂಢಿ. ಇದಕ್ಕೆ ‘ಗಿಲೊಟಿನ್’ ಎನ್ನುತ್ತಾರೆ. 2018 ರ ಮಾರ್ಚಿ 14 ರಂದು ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳೂ, ಹಣಕಾಸು ವಿಧೇಯಕವೂ ಚರ್ಚೆಯೇ ಇಲ್ಲದೆ ಪಾಸಾದವು. ಹಾಲು ಕರೆಯುವ ಹೊತ್ತಾಯಿತೆಂದು ಸಂಘದ ಜಮಾ-ಖರ್ಚಿಗೆ ‘ಸರಿ, ಸರಿ’ ಎಂದು ಕೈಯೆತ್ತಿ ಎದ್ದುಬರುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಹಸುವಿನ ಕಾರಣವಾದರೂ ಉಂಟು.

ಈಗ ಕೆಲಸದ ಮಾತು. ಪತ್ರ ಬರೆಯುವಾಗ ಸಂಘದ ಸಭೆಯಲ್ಲಿ ಠರಾವು ಮಾಡಿ, ಲೆಟರ್‌ಹೆಡ್ಡಿನಲ್ಲಿ ಬರೆಯಿರಿ. ಒಂದು ಪತ್ರಕ್ಕೆ ಒಂದೇ ವಿಷಯ ಇರಲಿ. ಸದಸ್ಯರೆಷ್ಟು, ದಿನಕ್ಕೆ ಹಾಕುವ ಹಾಲೆಷ್ಟು, ಹೋದ ವರ್ಷದ ಬಟವಾಡೆ ದರವೇನು, ಈ ವರ್ಷದ್ದೇನು ಎಂಬ ಅಂಕಿಗಳನ್ನು ತಮ್ಮ ರಿಜಿಸ್ಟರಿನಿಂದಲೇ ಎತ್ತಿ ಕೊಡಿ. ಆಮದಿನ ವಿಷಯ ವಾಣಿಜ್ಯ ಸಚಿವಾಲಯಕ್ಕೆ, ಸುಂಕ ಹಣಕಾಸಿಗೆ, ಲಸಿಕೆ ಮತ್ತು ರೋಗ ನಿಯಂತ್ರಣ ಪಶುಸಂಗೋಪನೆಗೆ ಎಂದು ಸ್ಪಷ್ಟವಾಗಿ ನಮೂದಿಸಿ. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಕೂಡಲೇ ಪತ್ರ ಹೊರಡಬೇಕು. ಸದನ ಶುರುವಾದ ಮೇಲೆ ಕೊಟ್ಟರೆ ಆ 15 ದಿನದ ಗಡುವು ಸಿಗುವುದು ಕಷ್ಟ. ಉತ್ತರಗಳು ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಮಕ್ಕಳ ಮೊಬೈಲಿನಲ್ಲಿ ತೆಗೆಸಿ, ಒಂದು ಪ್ರತಿಯನ್ನು ಡೇರಿಯ ಫಲಕದಲ್ಲಿ ದರಪಟ್ಟಿಯ ಪಕ್ಕ ಅಂಟಿಸಿ.