ತೋಳಿನ ಬಲ ಎಲ್ಲಿಂದ ಬರುತ್ತದೆ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಜೀವಶಾಸ್ತ್ರ ಓದಿದವನು ನೀನು, ಊರಿನವರಿಗೆ ತಿಳಿಯುವ ಹಾಗೆ ಏನಾದರೂ ಹೇಳು ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ಹಾಗಾಗಿ ನಾವೆಲ್ಲ ನಿತ್ಯ ನೋಡುವ ಒಂದು ವಿಷಯವನ್ನೇ ಎತ್ತಿಕೊಂಡಿದ್ದೇನೆ. ಜಾತ್ರೆಯಲ್ಲಿ ಒಬ್ಬ ಹುಡುಗ ಸಂಗ್ರಾಣಿ ಕಲ್ಲು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದರೆ ಹಿರಿಯರು ಏನಂತಾರೆ? "ಹಾಲು ಬೆಣ್ಣಿ ತಿಂದ ಮೈ, ಗರಡಿಯೊಳಗ ಪಳಗಿದ ಮೈ" ಅಂತಾರೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದ ಅರ್ಧ ಗೊತ್ತಿಲ್ಲದ್ದರಿಂದ ನಮ್ಮ ಮನೆತನದಲ್ಲಿ ಒಂದು ದೊಡ್ಡ ತಪ್ಪು ನಡೆದುಹೋಯಿತು.

ನನ್ನ ಸೋದರತ್ತೆಯ ಮಗ ನನಗಿಂತ ಒಂದು ವರ್ಷ ಚಿಕ್ಕವನು. ರಜೆಯಲ್ಲಿ ಅವರ ಊರಿಗೆ ಹೋದರೆ ಇಬ್ಬರೂ ಓಡುವ ಆಟ ಆಡುತ್ತಿದ್ದೆವು. ಅವನು ಓಡುತ್ತ ಓಡುತ್ತ ಬೀಳುತ್ತಿದ್ದ. ಕುಳಿತಲ್ಲಿಂದ ಏಳಬೇಕಾದರೆ ಮೊದಲು ನೆಲಕ್ಕೆ ಕೈ ಊರಿ, ಆಮೇಲೆ ಮೊಣಕಾಲು ಹಿಡಿದು, ತೊಡೆ ಹಿಡಿದು, ತನ್ನ ಮೈಯನ್ನೇ ತಾನು ಹತ್ತಿದಂತೆ ಏಳುತ್ತಿದ್ದ. ಅದನ್ನು ಅಣಕಿಸಿ ತೋರಿಸಿ ನಕ್ಕವನು ನಾನು. ಅವನ ಮೀನಖಂಡಗಳು ದಪ್ಪವಾಗಿದ್ದವು. ಅದನ್ನು ನೋಡಿ ಮನೆಯವರು "ಕಾಲು ಪೈಲ್ವಾನರದಾವ, ಸೋಮಾರಿತನ ಅಷ್ಟ" ಎಂದು ಬೈಯುತ್ತಿದ್ದರು. ಹತ್ತು ಹನ್ನೊಂದು ವರ್ಷಕ್ಕೆ ಅವನು ನಡೆಯುವುದನ್ನೇ ಬಿಟ್ಟ. ಆಗ ಬೈಗುಳ ಅತ್ತೆಯ ಕಡೆ ತಿರುಗಿತು. ಬಸುರಿದ್ದಾಗ ಗ್ರಹಣ ನೋಡಿದಳು, ಉಪವಾಸ ಮಾಡಿದಳು, ಹೀಗೆ ಒಂದಲ್ಲ ಎರಡಲ್ಲ. ಇಪ್ಪತ್ತು ತುಂಬುವ ಮೊದಲೇ ಅವನು ತೀರಿಕೊಂಡ. ಅವನಿಗೆ ಆದದ್ದೇನು ಎಂಬುದು ನನಗೆ ತಿಳಿದದ್ದು ಕಾಲೇಜಿನ ಪುಸ್ತಕದಲ್ಲಿ.

ಈಗ ಆ ಉಳಿದ ಅರ್ಧ ಮಾತಿಗೆ ಬರೋಣ. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಸುಮಾರು 20,000 ವಂಶವಾಹಿಗಳಿವೆ. ಇವನ್ನೇ ಜೀನ್ ಎನ್ನುತ್ತೇವೆ. ಕಣ್ಣಿನ ಕೋಶದಲ್ಲೂ ಅವೇ, ತೊಡೆಯ ಕೋಶದಲ್ಲೂ ಅವೇ. ಹಾಗಾದರೆ ಒಂದು ಕಣ್ಣು, ಇನ್ನೊಂದು ತೊಡೆ ಆದದ್ದು ಹೇಗೆ? ನಮ್ಮ ಶಾಲೆಯನ್ನೇ ನೋಡಿ. ಪ್ರತಿ ಹುಡುಗನ ಚೀಲದಲ್ಲೂ ಎಲ್ಲ ವಿಷಯದ ಪುಸ್ತಕಗಳಿರುತ್ತವೆ. ಗಂಟೆ ಬಾರಿಸಿದ ಮೇಲೆ ಯಾವ ಗುರುಗಳು ಒಳಗೆ ಬರುತ್ತಾರೋ ಆ ಪುಸ್ತಕ ಮಾತ್ರ ತೆರೆಯುತ್ತದೆ, ಉಳಿದವು ಚೀಲದಲ್ಲೇ ಇರುತ್ತವೆ. ಜೀವಕೋಶದಲ್ಲೂ ಹೀಗೆಯೇ. ಯಾವ ಜೀನ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ಈ ವ್ಯವಸ್ಥೆಗೆ ಜೀನ್ ನಿಯಂತ್ರಣ ಎನ್ನುತ್ತಾರೆ.

ಸ್ನಾಯುವಿನ ಪಾಠಕ್ಕೂ ಅಂಥ ಗುರುಗಳಿದ್ದಾರೆ. 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ಪ್ರಯೋಗಾಲಯದವರು ಮೈಯೋಡಿ ಎಂಬ ಒಂದೇ ಒಂದು ಜೀನನ್ನು ಇಲಿಯ ಬೇರೆ ಜಾತಿಯ ಕೋಶಗಳಲ್ಲಿ ಕೆಲಸಕ್ಕೆ ಹಚ್ಚಿದರು. ಆ ಕೋಶಗಳು ಸ್ನಾಯುಕೋಶಗಳಾಗಿಬಿಟ್ಟವು! ಮೈಯೋಡಿ ಒಳಗೆ ಬಂದು "ಸ್ನಾಯುವಿನ ಪುಸ್ತಕ ತೆಗೆಯಿರಿ" ಎಂದಂತೆ. ಇದಕ್ಕೆ ಒಬ್ಬ ಜೊತೆಗಾರನೂ ಇದ್ದಾನೆ, ಹೆಸರು ಮೈಫ್5. ಇಲಿಯಲ್ಲಿ ಇಬ್ಬರಲ್ಲಿ ಒಬ್ಬನನ್ನು ತೆಗೆದರೆ ಇನ್ನೊಬ್ಬ ಕೆಲಸ ತೂಗಿಸುತ್ತಾನೆ. ಇಬ್ಬರನ್ನೂ ತೆಗೆದಾಗ ಹುಟ್ಟಿದ ಮರಿಗಳಲ್ಲಿ ಮೈಯ ಸ್ನಾಯುಗಳೇ ಬೆಳೆದಿರಲಿಲ್ಲ.

ತಾಯಿಯ ಗರ್ಭದಲ್ಲಿ ಮೊದಲ ಎರಡು ತಿಂಗಳೊಳಗೇ ಈ ಪಾಠ ಶುರುವಾಗುತ್ತದೆ. ಎಳೆಯ ಕೋಶಗಳು ಒಂದಕ್ಕೊಂದು ಬೆಸೆದು ಉದ್ದನೆಯ ಎಳೆಗಳಾಗುತ್ತವೆ. ಎಷ್ಟು ಎಳೆಗಳು ಎಂಬ ಲೆಕ್ಕ ಬಹುಮಟ್ಟಿಗೆ ಹುಟ್ಟುವ ಹೊತ್ತಿಗೇ ಮುಗಿದಿರುತ್ತದೆ. ಗರಡಿಯ ಸಾಮು ಇದ್ದ ಎಳೆಗಳನ್ನೇ ದಪ್ಪ ಮಾಡುತ್ತದೆ. ಕುರಿಗಳ ಮೇಲೆ ನಡೆದ ಪ್ರಯೋಗದಲ್ಲಿ ಗಬ್ಬದ ಕುರಿಗೆ ಮೇವು ಕಡಿಮೆ ಮಾಡಿದಾಗ ಮರಿಯ ಸ್ನಾಯುವಿನ ಎಳೆಗಳೂ ಕಡಿಮೆಯಾದವು. ಬಸುರಿ ಹೆಂಗಸಿನ ತಾಟಿನಲ್ಲಿ ರೊಟ್ಟಿಯ ಜೊತೆ ಕಾಳುಪಲ್ಯ, ಹಾಲು, ಮೊಟ್ಟೆ ಏಕೆ ಇರಬೇಕು ಎಂಬುದಕ್ಕೆ ಇದೂ ಒಂದು ಕಾರಣ.

ಬೆಳೆಸುವವರಿದ್ದ ಹಾಗೆ ತಡೆಯುವವರೂ ಇದ್ದಾರೆ. ಸ್ನಾಯು ಮಿತಿ ಮೀರದಂತೆ ನೋಡಿಕೊಳ್ಳುವ ಜೀನ್ ಮಯೋಸ್ಟಾಟಿನ್. ಇದು ಪತ್ತೆಯಾದದ್ದು 1997ರಲ್ಲಿ. ಕುರಿ ಸಾಕುವವರು ಇಲ್ಲಿ ಬಹಳ ಜನ ಇದ್ದೀರಿ, ಕೇಳಿ. ಯುರೋಪಿನಲ್ಲಿ ಟೆಕ್ಸೆಲ್ ಎಂಬ ಕುರಿಯ ತಳಿ ಇದೆ, ಮೈತುಂಬ ಖಂಡ. ಅದರ ಮಯೋಸ್ಟಾಟಿನ್ ಜೀನಿನ ಪಾಠ ಸರಿಯಾಗಿಯೇ ಇದೆ. ಪಾಠ ಮುಗಿದ ಮೇಲಿನ ಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅಷ್ಟಕ್ಕೇ ಆ ಜೀನಿನ ದನಿ ತಗ್ಗಿ, ಸ್ನಾಯು ಹೆಚ್ಚು ಬೆಳೆಯುತ್ತದೆ. 2006ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು.

ನಮ್ಮ ರಾಜ್ಯದಲ್ಲೇ ಈ ಕೆಲಸ ನಡೆದಿದೆ. ಕೃಷಿಮೇಳಕ್ಕೆಂದು ಬೆಂಗಳೂರಿನ ಜಿಕೆವಿಕೆಗೆ ಹೋದವರು ಇಲ್ಲಿದ್ದೀರಿ. ಅದೇ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆ ಇದೆ. ಅಲ್ಲಿ ಕೆ. ವಿಜಯರಾಘವನ್ ಅವರು ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣದ ರೆಕ್ಕೆಯ ಸ್ನಾಯುಗಳನ್ನು ಹತ್ತಾರು ವರ್ಷ ಅಭ್ಯಾಸ ಮಾಡಿದರು. ಮನುಷ್ಯರ ಸ್ನಾಯುವಿನ ಎಳೆಗಳ ಪಕ್ಕದಲ್ಲಿ ಮಲಗಿರುವ ಕೋಶಗಳಿವೆ. ಪೆಟ್ಟಾದಾಗ ಅವು ಎದ್ದು, ತಮ್ಮ ಜೀನ್‌ಗಳನ್ನು ತೆರೆದು, ರಿಪೇರಿ ಮಾಡುತ್ತವೆ. 2017ರಲ್ಲಿ ವಿಜಯರಾಘವನ್ ಅವರ ತಂಡ ನೊಣದಲ್ಲೂ ಅಂಥ ಕೋಶಗಳಿವೆ ಎಂದು ತೋರಿಸಿತು. ಇವು ಮಲಗುವುದು ಹೇಗೆ, ಏಳುವುದು ಹೇಗೆ ಎಂಬುದನ್ನು ಜ್ಯೋತ್ಸ್ನಾ ಧವನ್ ಅವರು ಹೈದರಾಬಾದ್ ಮತ್ತು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಅಭ್ಯಾಸ ಮಾಡಿದ್ದಾರೆ.

ನೊಣ ನೋಡಿ ಏನು ಬಂತು ಎನ್ನಬೇಡಿ. ನನ್ನ ಅತ್ತೆಯ ಮಗನ ಕಥೆ ಅರ್ಥವಾಗುವುದು ಇಲ್ಲಿಯೇ. ಅವನ ರೋಗದ ಹೆಸರು ಡುಷೆನ್ ಸ್ನಾಯುಕ್ಷಯ. ಸ್ನಾಯುವಿನ ಎಳೆ ಹರಿಯದಂತೆ ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಅವನ ಮೈಯಲ್ಲಿ ತಯಾರಾಗುತ್ತಿರಲಿಲ್ಲ. ಅದರ ಜೀನ್ ನಮ್ಮಲ್ಲಿರುವ ಜೀನ್‌ಗಳಲ್ಲೇ ಬಹಳ ದೊಡ್ಡದು, 20 ಲಕ್ಷಕ್ಕೂ ಹೆಚ್ಚು ಅಕ್ಷರ. ಒಂದು ಸಲ ಓದಿ ನಕಲು ತೆಗೆಯಲು ಜೀವಕೋಶಕ್ಕೆ ಸುಮಾರು 16 ತಾಸು ಬೇಕು. ಮೇಗುತಿಯ ಶಾಸನದಲ್ಲಿ ನಡುವಿನ ಸಾಲೇ ಒಡೆದುಹೋಗಿದ್ದರೆ ಅರ್ಥ ಕೂಡುತ್ತಿತ್ತೇ? ಹಾಗೆ ಈ ಜೀನಿನ ಒಂದು ತುಣುಕು ಹೋದರೂ ಪಾಠ ಕೆಡಬಹುದು. ಆಗ ನಡೆದಾಗಲೆಲ್ಲ ಎಳೆಗಳು ಹರಿಯುತ್ತವೆ. ಮಲಗಿದ್ದ ಕೋಶಗಳು ಎದ್ದು ಎದ್ದು ರಿಪೇರಿ ಮಾಡಿ ಕೊನೆಗೆ ಸೋಲುತ್ತವೆ. ಖಂಡ ಇದ್ದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತದೆ. ನಾವು ಪೈಲ್ವಾನನ ಕಾಲು ಎಂದದ್ದು ಅದನ್ನೇ.

ತಾಯಂದಿರೇ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಜೀನ್ ಗಂಡುಮಗುವಿಗೆ ತಾಯಿಯಿಂದಲೇ ಬರುತ್ತದೆ, ನಿಜ. ಅದನ್ನು ಯಾವ ತಾಯಿಯೂ ಆರಿಸಿ ಕೊಡುವುದಿಲ್ಲ. ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ತಪ್ಪು ಹೊಸದಾಗಿಯೇ ಆಗಿರುತ್ತದೆ, ತಾಯಿಯಲ್ಲಿ ಇರುವುದೇ ಇಲ್ಲ.

ಇದಕ್ಕೆ ಪೂರ್ತಿ ಗುಣ ಮಾಡುವ ಮದ್ದು ಇನ್ನೂ ಇಲ್ಲ. ಆದರೆ ಬೇಗ ಗೊತ್ತಾದರೆ ಔಷಧ ಮತ್ತು ಸರಿಯಾದ ವ್ಯಾಯಾಮದಿಂದ ಮಗು ಇನ್ನೂ ಕೆಲವು ವರ್ಷ ನಡೆಯಬಹುದು, ಉಸಿರು ಮತ್ತು ಹೃದಯವನ್ನು ಕಾಪಾಡಿಕೊಳ್ಳಬಹುದು. ಮುಂದಿನ ಹೆರಿಗೆಗೆ ಮೊದಲು ಸಲಹೆ ಪಡೆಯಬಹುದು. ಸ್ನಾಯುಕ್ಷಯದ ಬೇರೆ ಕೆಲವು ಜಾತಿಗಳು ತಂದೆತಾಯಿ ಇಬ್ಬರಿಂದಲೂ ಬರುತ್ತವೆ. ಸೋದರಮಾವ, ಸೋದರತ್ತೆಯ ಮಗ ಎಂದು ಒಳಗೊಳಗೇ ಸಂಬಂಧ ಬೆಳೆಸಿದಾಗ ಅವುಗಳ ಸಾಧ್ಯತೆ ಹೆಚ್ಚು, ಇದನ್ನೂ ನೆನಪಿಡಿ.

ಗುರುಗಳಲ್ಲಿ, ಹಿರಿಯರಲ್ಲಿ ನನ್ನದೊಂದು ವಿನಂತಿ. ಪದೇ ಪದೇ ಬೀಳುವ, ಮೆಟ್ಟಿಲು ಹತ್ತಲು ಕಷ್ಟಪಡುವ, ತೊಡೆ ಹಿಡಿದು ಏಳುವ ಹುಡುಗ ಕಂಡರೆ ಸೋಮಾರಿ ಎನ್ನಬೇಡಿ. ಶಾಲೆಗೆ ತಪಾಸಣೆಗೆ ಬರುವ ವೈದ್ಯರಿಗೆ ತೋರಿಸಿ. ಸಿಪಿಕೆ ಎಂಬ ರಕ್ತಪರೀಕ್ಷೆಯಿಂದ ಮೊದಲ ಸುಳಿವು ಸಿಗುತ್ತದೆ. ಮುಂದಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಮಕ್ಕಳೇ, ನಿಮ್ಮ ಜೊತೆ ಓಡಲಾಗದ ಗೆಳೆಯನಿದ್ದರೆ ಅವನ ಚೀಲ ನೀವು ಹೊರಿ. ಆ ಬುದ್ಧಿ ನನಗೆ ತಡವಾಗಿ ಬಂತು. ಈ ಶಾಲೆ ನನಗೆ ಓದಲು ಕಲಿಸಿತು, ಆ ಓದಿನಿಂದಲೇ ಅತ್ತೆಯ ಮನೆಗೆ ಹೋಗಿ "ಅತ್ತೀ, ನಿನ್ನದೇನೂ ತಪ್ಪಿರಲಿಲ್ಲ" ಎಂದು ಹೇಳಲು ಸಾಧ್ಯವಾಯಿತು. ಆಕೆ ಸುಮ್ಮನೆ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೆ ಊಟಕ್ಕೆ ಹಾಕಿದಳು.